ಒಂದೇ ನುಡಿಯ ಆರತಿ

ಅಮ್ಮನಿಗೆ ಬರುವ ಶುಭಕಾರ್ಯದ ಹಾಡುಗಳನ್ನು ಎರಡು ಭಾಗವಾಗಿ ರೆಕಾರ್ಡ್ ಮಾಡಿಸಬೇಕೆಂದು ನನಗೆ ಆಸೆಯಿತ್ತು. ಮೊದಲ ಭಾಗ ಬನಶಂಕರಿಯ ಸಣ್ಣ ಸ್ಟುಡಿಯೊದಲ್ಲಿ ಆಯಿತು. ಬಳೆ ಸದ್ದು ಕೇಳಿಸದಿರಲೆಂದು ಅಮ್ಮ ಎರಡೂ ಕೈಗೆ ಕರ್ಚೀಫು ಸುತ್ತಿಕೊಂಡು ಹಾಡಿದಳು. ಅದನ್ನು ಪೆನ್‌ಡ್ರೈವ್‌ಗಳಿಗೆ ತುಂಬಿಸಿ, ಅರಿಶಿನ ಬಣ್ಣದ ಬಟ್ಟೆಯ ಚೀಲದಲ್ಲಿಟ್ಟು ಮಾರತೊಡಗಿದೆ. ಅವು ಖರ್ಚಾದರೆ ಆ ದುಡ್ಡಿನಲ್ಲಿ ಎರಡನೇ ಭಾಗ. ಅಮ್ಮನ ಉಸಿರು ಕುಗ್ಗುತ್ತಿತ್ತು, ತಡಮಾಡುವ ಹಾಗಿರಲಿಲ್ಲ.

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲು ಕೊಂಡವರು ಎದುರು ಮನೆಯ ಆಂಟಿ. ಅದೇ ವಾರ ಅಷ್ಟೂ ಹಾಡುಗಳನ್ನು ಭಜನೆ ಗುಂಪಿನ ವಾಟ್ಸಾಪಿಗೆ ಹಾಕಿದರು, ಕೈಮುಗಿದ ಚಿತ್ರದ ಸಮೇತ. ಪುಟ್ಟೇನಹಳ್ಳಿ ಕೆರೆಯ ಬಳಿ ವಾಕಿಂಗಿಗೆ ಬಂದಿದ್ದ, ಗುರುತಿಲ್ಲದ ಹೆಂಗಸೊಬ್ಬರ ಫೋನಿನಿಂದ ಅಮ್ಮನ ದನಿ ಕೇಳಿಸಿತು. ಆಮೇಲೆ ನನ್ನ ಚೀಲಗಳನ್ನು ಒಬ್ಬರೂ ಕೇಳಲಿಲ್ಲ.

"ಆರತಿ ಹಾಡಿಗೆಲ್ಲ ದುಡ್ಡು ತಗೋತಾರೇನಮ್ಮ? ನಾಲ್ಕು ಜನಕ್ಕೆ ತಲುಪ್ಲಿ ಅಂತ ಕಳಿಸ್ದೆ," ಎಂದರು ಆಂಟಿ. ನಾನು ನಕ್ಕೆ. ಕಾನ್ವೆಂಟಿನಲ್ಲಿ ಕಲಿತವಳು; ನಗುವುದು ಚೆನ್ನಾಗಿ ಬರುತ್ತದೆ.

ಮೊನ್ನೆ ಅವರ ಸೊಸೆಯ ಸೀಮಂತ. ಹಿಂದಿನ ದಿನ ಬಂದು, "ನಿಮ್ಮಮ್ಮನ ಸೀಮಂತದ ಹಾಡು ಆ ಪೆನ್‌ಡ್ರೈವಲ್ಲಿ ಇಲ್ವಲ್ಲ, ಸ್ವಲ್ಪ ಫಾರ್ವರ್ಡ್ ಮಾಡಮ್ಮ," ಎಂದರು. ಅದು ಎರಡನೇ ಭಾಗದ ಹಾಡು. ಅಮ್ಮ ಅಡುಗೆಮನೆಯಲ್ಲಿ ಹೇಳಿದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ, ಐದು ನುಡಿ. ಕೂತು ಕತ್ತರಿಸಿ, ಮೊದಲ ನುಡಿಯನ್ನಷ್ಟೇ ಕಳಿಸಿದೆ. ಆಂಟಿ ಕೇಳಿ ನೋಡುವವರಲ್ಲ, ಬಂದದ್ದನ್ನು ಮುಂದಕ್ಕೆ ತಳ್ಳುವವರು.

ಮಾರನೆಯ ದಿನ ನಾನೊಬ್ಬಳೇ ಹೋದೆ, ಅಮ್ಮನಿಗೆ ಉಸಿರು ಸಾಲದು. ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಇಬ್ಬರು ಮುತ್ತೈದೆಯರು ಆರತಿ ತಟ್ಟೆ ಎತ್ತಿದರು. ನಮ್ಮಲ್ಲಿ ಹಾಡು ಮುಗಿಯುವ ತನಕ ತಟ್ಟೆ ಇಳಿಸುವುದಿಲ್ಲ. ಒಂದು ನುಡಿಗೆ ದನಿ ನಿಂತಿತು, ತಟ್ಟೆ ಗಾಳಿಯಲ್ಲೇ ಉಳಿಯಿತು. ಆಂಟಿ ಮತ್ತೆ ಹಾಕಿದರು. ಮತ್ತೆ ಅದೇ ನುಡಿ, ಅದೇ ಮೌನ.

"ತಟ್ಟೆ ಭಾರ ಕಣ್ರೀ, ಯಾರಾದ್ರೂ ಮುಗಿಸ್ರಮ್ಮ," ಎಂದರು ತಟ್ಟೆ ಹಿಡಿದವರಲ್ಲಿ ಹಿರಿಯರು.

"ಮಿಕ್ಕಿದ್ದೆಲ್ಲಿ? ನೀನಾದ್ರೂ ಹೇಳು," ಆಂಟಿ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಮಿಕ್ಕಿದ್ದು ಎರಡನೇ ಪೆನ್‌ಡ್ರೈವಲ್ಲಿ ಆಂಟಿ. ಮೊದಲ್ನೇದು ಖರ್ಚಾಗ್ಲಿಲ್ಲ, ಅದಕ್ಕೇ ಮಾಡಿಸ್ಲಿಲ್ಲ," ಎಂದೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

ಅವರ ಕತ್ತು ಕೆಂಪಾಯಿತು. ನನಗೆ ಐದೂ ನುಡಿ ಬಾಯಿಗೆ ಬರುತ್ತವೆ, ತುಟಿ ಬಿಚ್ಚಲಿಲ್ಲ. ಕೊನೆಗೆ ಯಾರೋ ಮದುವೆಯ ಹಾಡೊಂದನ್ನು ಅರೆಬರೆ ಹೇಳಿದ ಮೇಲೆ ತಟ್ಟೆ ಇಳಿಯಿತು.

ಪಶ್ಚಾತ್ತಾಪ ಆದೀತೆಂದು ಎರಡು ದಿನ ಕಾದೆ. ಆಗಲಿಲ್ಲ. ಅಮ್ಮನ ತೊಟ್ಟಿಲ ಹಾಡೂ ನನ್ನ ಹತ್ತಿರವೇ ಇದೆ; ಆ ಮನೆಗೆ ಅದರ ಒಂದು ನುಡಿಯೂ ಹೋಗುವುದಿಲ್ಲ.