ಕರೆಯುವ ಕೈ

ಬೆಳಗಿನ ಐದೂವರೆ. ಕಲ್ಲಿನ ಶೆಡ್ಡಿನ ಬಾಗಿಲು ತೆರೆದಿದೆ, ಒಳಗೆ ಒಂದೇ ಬಲ್ಬು. ಐವತ್ತೆಂಟರ ಮಹಿಳಾ ಶಿಲ್ಪಿ ನೆಲದ ಮೇಲೆ ಕೂತು, ಆಳೆತ್ತರದ ಕಲ್ಲಿನ ಹೆಂಗಸಿನ ಸೆರಗಂಚಿಗೆ ಉಳಿ ಆಡಿಸುತ್ತಿದ್ದಾರೆ. ಅರ್ಧ ಗಂಟೆಯಾದ ಮೇಲೆ ಎದ್ದು ನಿಂತು ಕೆತ್ತುತ್ತಾರೆ. ಕೂತು ಕೆತ್ತುವುದು ಹುಟ್ಟಿದ ದೇಶದಲ್ಲಿ ಅಪ್ಪ ಕಲಿಸಿದ್ದು. ನಿಂತು ಕೆತ್ತುವುದು ಎರಡನೆಯ ದೇಶದಲ್ಲಿ ಗುರು ಬೈದು ಕಲಿಸಿದ್ದು. ಈಗಿರುವುದು ಮೂರನೆಯ ದೇಶ. "ಸೊಂಟನೋವು ಮಾತ್ರ ಎಲ್ಲಾ ಕಡೆ ಒಂದೇ," ಎನ್ನುತ್ತಾರೆ.

ಹತ್ತೂರಿನ ನೀರು ಕುಡಿದವರು. ಆದರೂ ಈ ಊರಿಗೆ ಅವರ ಗುರುತಿಲ್ಲ. ಬಂದು ಇಪ್ಪತ್ತೆರಡು ವರ್ಷ. ಅಷ್ಟೂ ಕಾಲ ಪಾರ್ಕು, ಕಚೇರಿಗಳಲ್ಲಿ ನಿಂತ ಬೇರೆಯವರ ಪ್ರತಿಮೆಗಳಿಗೆ ಮುರಿದ ಮೂಗು, ಬೆರಳು ಕೂಡಿಸಿದ್ದಾರೆ. ಮೂಗುಗಳೇ ನೂರ ಅರವತ್ತು ದಾಟಿವೆ. "ಮೂಗು ಚೆನ್ನಾಗಿ ಕೂತ್ರೆ ಯಾರೂ ನೋಡಲ್ಲ. ನೋಡಿದ್ರು ಅಂದ್ರೆ ನಾನು ಕೆಡಿಸಿದೀನಿ ಅಂತ."

ಈ ಹೆಂಗಸು ಮಾತ್ರ ಪೂರಾ ಅವರದೇ, ಮೊದಲ ಸ್ವಂತ ಕೆಲಸ. ಮಕ್ಕಳ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಬೇಕಾದವಳು. ದಿನಕ್ಕೆ ಏಳು ಗಂಟೆಯಂತೆ ಹದಿನಾಲ್ಕು ತಿಂಗಳು ಹಿಡಿದಿದೆ. ತುಸು ಬಾಗಿ, ಕೈ ಚಾಚಿ, ಅಂಗೈ ಕೆಳಗೆ ಮಾಡಿ ಬೆರಳು ಮಡಚಿ ಮಗುವನ್ನು ಕರೆಯುವ ತಾಯಿ. ಶಿಲ್ಪಿಯ ಅಮ್ಮ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ.

ತಿಂಗಳ ಕೆಳಗೆ ಆಸ್ಪತ್ರೆಯ ಮೇಲ್ವಿಚಾರಕರು ನೋಡಲು ಬಂದರು. ಪ್ರತಿಮೆಗೆ ಒಂದು ಸುತ್ತು ಹಾಕಿ ಕೇಳಿದರು: "ಅಲ್ಲಮ್ಮಾ, ಇವಳು ಮಕ್ಕಳನ್ನ ಯಾಕೆ ಓಡಿಸ್ತಿದಾಳೆ?" ಈ ದೇಶದಲ್ಲಿ ಕರೆಯುವಾಗ ಅಂಗೈ ಮೇಲಿರಬೇಕು, ಕೆಳಗಿದ್ದರೆ 'ಆಚೆ ಹೋಗು' ಎಂದರ್ಥ. ಕೈ ಬದಲಾಗದಿದ್ದರೆ ಪ್ರತಿಮೆ ಬೇಡ ಎಂದು ಹೇಳಿ ಹೋದರು.

ಶಿಲ್ಪಿಗೆ ಅಳು ಬಂತು, ಅದನ್ನವರು ಮುಚ್ಚಿಡುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ಮಗಳ ಮೇಲೆ ರೇಗಿದರು: "ದಿನಾ ನೋಡ್ತಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತೇನೆ?"

"ನೀನು ಹಾಗೆ ಕರೆದಾಗೆಲ್ಲ ಓಡಿ ಬಂದು ಬೆಳೆದೋಳು ನಾನು. ನಂಗೆಲ್ಲಿ ಹೊಳೀಬೇಕಮ್ಮಾ!" ಎಂದಳು ಮಗಳು.

ಕಲ್ಲಿನ ಕೈ ತಿರುಗಿಸಲು ಬಾರದು. ಮಣಿಕಟ್ಟಿಗೆ ಕೊಯ್ದು ಬೇರೆಯದನ್ನು ಕೂಡಿಸಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗರಗಸ ಕೈಗೆ ತೆಗೆದುಕೊಳ್ಳುವುದು, ಕೆಳಗಿಡುವುದು, ಹೀಗೇ ಎರಡು ದಿನ ಹೋಯಿತು. "ಅಮ್ಮನ ಕೈ ಅದು. ಹೇಗೆ ಕೊಯ್ಯಲಿ ಹೇಳಿ?"

ಮೂರನೆಯ ದಿನ ಕಣ್ಣು ಆಸರೆಗಲ್ಲಿನ ಮೇಲೆ ಬಿತ್ತು. ಚಾಚಿದ ಕೈ ಸಾಗಿಸುವಾಗ ಮುರಿಯದಿರಲೆಂದು ಅಂಗೈಯಿಂದ ಬಟ್ಟೆಯ ನೆರಿಗೆಯವರೆಗೆ ಒಂದು ಕಲ್ಲಿನ ಊರುಗೋಲು ಬಿಟ್ಟಿರುತ್ತಾರೆ. ಪ್ರತಿಮೆ ಜಾಗಕ್ಕೆ ಕೂತ ಮೇಲೆ ಒಡೆದು ಬಿಸಾಡುತ್ತಾರೆ. ಈಗ ಆ ಕಲ್ಲು ಮಗುವಿನ ತೋಳಾಗಿದೆ. ಮಗು ನೆರಿಗೆಯ ಹಿಂದೆ ಅಡಗಿದೆ, ಕಾಣುವುದು ತೋಳಷ್ಟೇ. ಪುಟ್ಟ ಮುಷ್ಟಿ ತಾಯಿಯ ಎರಡು ಬೆರಳನ್ನು ಬಿಗಿಯಾಗಿ ಹಿಡಿದಿದೆ. ತಾಯಿಯ ಕೈಗೆ ಒಂದು ಗೀರೂ ಬಿದ್ದಿಲ್ಲ. ನಿನ್ನೆ ಮೇಲ್ವಿಚಾರಕರು ಮತ್ತೆ ಬಂದರು. ಆ ಮುಷ್ಟಿಯನ್ನೊಮ್ಮೆ ಮುಟ್ಟಿ ನೋಡಿ, "ಸೋಮವಾರ ಲಾರಿ ಕಳಿಸ್ತೀನಿ" ಎಂದಷ್ಟೇ ಹೇಳಿದರು.

ಸೆರಗಂಚೊಂದು ಉಳಿದಿದೆ. ಮಿಕ್ಕಿದ್ದೆಲ್ಲವನ್ನೂ ನುಣುಪಾಗಿ ಉಜ್ಜಿದವರು ಮುಷ್ಟಿಯನ್ನು ಮಾತ್ರ ಒರಟಾಗಿ ಬಿಟ್ಟಿದ್ದಾರೆ. ಮರೆತಿರಾ ಎಂದರೆ ನಗುತ್ತಾರೆ. "ಎಲ್ಲಾ ನಾನೇ ಮಾಡಿದ್ರೆ ಹೇಗೆ? ಒಳಗೆ ಹೋಗೋ ಮಕ್ಕಳು ಹಿಡಿದು ಹಿಡಿದು ನುಣ್ಣಗೆ ಮಾಡ್ಲಿ. ಆಗ ನಮ್ಮಮ್ಮ ಕರೆದಿದ್ದು ಅವರಿಗೆ ಕೇಳಿಸ್ತು ಅಂದ್ಕೋತೀನಿ."