ಇಪ್ಪತ್ತು ಗ್ರೇನ್ ಹೆಚ್ಚಿನ ಗುಂಡು

ನಲವತ್ತು ನಿಮಿಷದ ಕಥೆ ಹೇಳಿ ನಾನು ಎಷ್ಟು ಜನರ ಊಟ ಕೆಡಿಸಿದ್ದೇನೋ ನನಗೇ ಗೊತ್ತಿಲ್ಲ. ನಾಟಿಂಗ್‌ಹ್ಯಾಮಿನ ಕನ್ನಡದ ಮನೆಗಳಲ್ಲಿ ಗೃಹಪ್ರವೇಶವಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ಹೋಳಿಗೆ ಬಡಿಸುವ ಹೊತ್ತಿಗೆ ನನ್ನ ಗಂಡ ನನ್ನ ಕಡೆ ನೋಡಿ, "ನಮ್ಮಾಕಿ ಒಂದ ಕಥೀ ಹೇಳ್ತಾಳ, ಕೇಳ್ರಿ," ಎನ್ನುತ್ತಿದ್ದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದರಿಂದ ಕಥೆ ಪ್ರತಿಸಲವೂ ಬಿಸಿಯಾಗಿಯೇ ಇರುತ್ತಿತ್ತು.

ನಾನು ಅರಿವಳಿಕೆ ವೈದ್ಯೆ. ಆಪರೇಷನ್ನಿಗೆ ಮುಂಚೆ ರೋಗಿಯ ಪ್ರಜ್ಞೆ ತಪ್ಪಿಸಿ, ಮುಗಿಯುವವರೆಗೆ ತಲೆಯ ಹತ್ತಿರ ಕೂತು ಕಾದು, ಮತ್ತೆ ಎಬ್ಬಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಡರ್ಬಿಶೈರಿನ ಗುಡ್ಡದ ರಸ್ತೆಯಲ್ಲಿ ಹೋಗುತ್ತಿದ್ದಾಗ ನನ್ನ ಮುಂದಿದ್ದ ವ್ಯಾನು ಒಂದು ಹೆಣ್ಣು ಜಿಂಕೆಗೆ ಬಡಿಯಿತು. ಬೆನ್ನುಮೂಳೆ ಮುರಿದಿತ್ತು. ಹಿಂಗಾಲುಗಳು ಸತ್ತ ಹಾಗೆ ಬಿದ್ದಿದ್ದವು. ಮುಂಗಾಲುಗಳಿಂದ ಟಾರನ್ನು ಕೆರೆಯುತ್ತ ಅದು ಎದ್ದು ನಿಲ್ಲಲು ನೋಡುತ್ತಿತ್ತು, ಬೀಳುತ್ತಿತ್ತು, ಕಿರುಚುತ್ತಿತ್ತು. ಜಿಂಕೆ ಕಿರುಚುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ವ್ಯಾನಿನವನು ಸಿಗರೇಟು ಹಚ್ಚಿ ನಿಂತ. ಅವನ ಗಾಡಿಯ ಒಂದು ದೀಪ ಉರಿಯುತ್ತಲೇ ಇರಲಿಲ್ಲ. "ಮನೆ ಬಿಡುವ ಮುಂಚೆ ಒಂದು ಸಲ ನೋಡಿಕೊಳ್ಳುವುದಕ್ಕೆ ನಿನಗೇನು ದಾಡಿ?" ಎಂದು ನಾನು ಬಾಯಿಗೆ ಬಂದ ಹಾಗೆ ಬೈದೆ. ಪೊಲೀಸರಿಗೆ ಫೋನ್ ಮಾಡಿದೆ. ದಿನಕ್ಕೆ ಆರು ಜನರನ್ನು ಮಲಗಿಸುವ ನನ್ನ ಬ್ಯಾಗಿನಲ್ಲಿ ಅವತ್ತು ಇದ್ದದ್ದು ಒಂದು ಸ್ಟೆತಸ್ಕೋಪು, ಒಂದು ಬಾಳೆಹಣ್ಣು. ನಲವತ್ತು ನಿಮಿಷ ಆದಮೇಲೆ ಪೊಲೀಸರು ಹೇಳಿಕಳಿಸಿದ ಒಬ್ಬ ಹಿರಿಯರು ಹಳೆಯ ಜೀಪಿನಲ್ಲಿ ಬಂದರು. ಗಿಡ್ಡ ಬಂದೂಕು ತೆಗೆದು, ಅದರ ಹಿಡಿಯ ಕೆಳಗಿನ ಲಿವರನ್ನು ಒಮ್ಮೆ ಎಳೆದು ಮೇಲೆತ್ತಿ, ಕಿವಿಯ ಹಿಂದೆ ಒಂದೇ ಗುಂಡು ಹೊಡೆದರು. ಕಿರುಚಾಟ ನಿಂತಿತು. ನನ್ನ ಕೆಲಸವನ್ನು ನನ್ನ ಕಣ್ಣೆದುರಿಗೆ ಇನ್ನೊಬ್ಬರು ಮಾಡಿದರು ಅನ್ನಿಸಿತು.

ಆ ಹಿರಿಯರೇ ಮುಂದೆ ನನ್ನ ಬಂದೂಕಿನ ಮೇಷ್ಟ್ರಾದರು. ಕಲ್ಲುಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸುತ್ತಲಿನ ರೈತರ ಜಮೀನಿನಲ್ಲಿ ಜಿಂಕೆಗಳ ಸಂಖ್ಯೆ ಹೆಚ್ಚಾಗದಂತೆ ನೋಡಿಕೊಳ್ಳುತ್ತಿದ್ದರು. ಈ ಕಡೆಯವರೆಲ್ಲರ ಹಾಗೆ ಅವರೂ ಎದುರಿಗೆ ಸಿಕ್ಕವರನ್ನೆಲ್ಲ ಅಕ್ಕರೆಯಿಂದ 'ಡಕ್', ಅಂದರೆ ಬಾತುಕೋಳಿ, ಎಂದೇ ಕರೆಯುವವರು. ಅವರ ಇಂಗ್ಲಿಷ್ ನನ್ನ ನೆನಪಿನಲ್ಲಿ ಯಾಕೋ ಕನ್ನಡವಾಗಿಯೇ ಕೂತಿದೆ. ಯಾವ ಪ್ರಾಣಿಯೂ ನನ್ನ ಕಣ್ಣೆದುರಿಗೆ ಮತ್ತೆ ಹಾಗೆ ಸಾವಿಗೆ ಕಾಯಬಾರದು, ಅದಕ್ಕೆ ಕಲಿಸಿ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ರಕ್ತ ನೋಡಿ ತಲೆ ತಿರುಗುವುದಿಲ್ಲ ತಾನೆ?" ಎಂದರು.

ಮನೆಯಲ್ಲಿ ಇದು ದೊಡ್ಡ ತಮಾಷೆಯಾಯಿತು. ನಾವು ಲಿಂಗವಂತರು, ಮನೆಯೊಳಗೆ ತತ್ತಿಯನ್ನೂ ತರುವವರಲ್ಲ. "ತತ್ತಿ ಒಡ್ಯಾಕ ಒಲ್ಲೆ ಅಂತಿ, ಜಿಂಕಿ ಹೊಡ್ಯಾಕ ಹೊಂಟಿ. ಯಾವೂರ ನ್ಯಾಯ ಇದು?" ಎಂದು ಗಂಡ ಕಾಡಿದರು. ಅವರು ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರು. ಬಂದೂಕಿನ ಪರವಾನಗಿಗೆ ಜಿಪಿಯ ವರದಿ ಬೇಕು, ಆದರೆ ಸ್ವಂತ ಹೆಂಡತಿಯ ತಲೆ ನೆಟ್ಟಗಿದೆ ಎಂದು ಗಂಡ ಬರೆದುಕೊಡುವ ಹಾಗಿಲ್ಲ. "ಬರಿ ಅಂದ್ರೂ ನಾ ಬರೀತಿದ್ದಿಲ್ಲ ಬಿಡು," ಎಂದರು. ಕೊನೆಗೆ ಪರವಾನಗಿ ಬಂತು. ನಾನು ಎಡಚಿ. ಎಡಗೈಯಲ್ಲಿ ಉಂಡಿದ್ದಕ್ಕೆ ಅವ್ವನಿಂದ ತಿಂದ ಪೆಟ್ಟುಗಳು ಇನ್ನೂ ನೆನಪಿವೆ. ಉಳಿದ ಬೇಟೆಗಾರರ ಬಂದೂಕಿಗೆ ಮುಂದಿನ ತೋಟಾ ಏರಿಸಲು ಎಳೆಯುವ ಬೋಲ್ಟು ಬಲಗಡೆ ಇರುತ್ತದೆ. ಲಿವರಿನದು ನಡುವೆ, ಕೆಳಗೆ. ಯಾವ ಕೈಗೂ ಒಗ್ಗುತ್ತದೆ. ಅದಕ್ಕೇ ಮೇಷ್ಟ್ರ ಬಂದೂಕಿನಂಥದನ್ನೇ ನಾನೂ ಕೊಂಡೆ.

ಗುಂಡಿನ ತೂಕವನ್ನು ಇವತ್ತಿಗೂ ಗ್ರೇನಿನಲ್ಲಿ ಹೇಳುತ್ತಾರೆ. ಅದನ್ನು ಕೇಳಿ ನನಗೆ ನಗು ಬಂತು. ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವ ಕಾಂಪೌಂಡರ್ ಆಗಿದ್ದರು. ಔಷಧಿಯನ್ನು ಗ್ರೇನಿನಲ್ಲಿ ತೂಗುತ್ತಿದ್ದ ಕಾಲದವರು. ಐದು ಗ್ರೇನ್ ಅಂದರೆ ಅವರ ಬಾಯಲ್ಲಿ ಒಂದು ಆಸ್ಪಿರಿನ್ ಗುಳಿಗೆ. ನನ್ನ ಬಂದೂಕಿಗೆ ಅಂಗಡಿಯಲ್ಲಿ ಸಿಗುತ್ತಿದ್ದ ಗುಂಡುಗಳು ಎರಡು ತೂಕದವು, ನೂರೈವತ್ತು ಗ್ರೇನ್ ಮತ್ತು ನೂರ ಎಪ್ಪತ್ತು ಗ್ರೇನ್. ವ್ಯತ್ಯಾಸ ಇಪ್ಪತ್ತು, ಅಂದರೆ ಮಾವನ ನಾಲ್ಕು ಗುಳಿಗೆ. ಎರಡಕ್ಕೂ ಮೂತಿ ಚಪ್ಪಟೆ. ಲಿವರಿನ ಬಂದೂಕಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಬೆನ್ನಿಗೆ ಒಂದು ಮೂತಿಯಿಟ್ಟು ಕೂರುತ್ತವೆ. ಮೂತಿ ಚೂಪಾಗಿದ್ದರೆ ಮುಂದಿನದಕ್ಕೆ ಚುಚ್ಚಿ ಕೊಳವೆಯಲ್ಲೇ ಸಿಡಿಯಬಹುದು. ಹಗುರದ್ದು ಬೇಗ ಹೋಗುತ್ತದೆ, ಕಡಿಮೆ ಇಳಿಯುತ್ತದೆ. ಭಾರದ್ದು ನಿಧಾನ, ಹೋಗಹೋಗುತ್ತ ಹೆಚ್ಚು ಇಳಿಯುತ್ತದೆ, ಆದರೆ ಆಳಕ್ಕೆ ನುಗ್ಗುತ್ತದೆ. ಇಷ್ಟನ್ನೂ ಮೇಷ್ಟ್ರು ಅಡುಗೆಮನೆಯ ಮೇಜಿನ ಮೇಲೆ ಎರಡು ಗುಂಡು ನಿಲ್ಲಿಸಿ ಹೇಳಿಕೊಟ್ಟಿದ್ದರು.

ಎರಡು ಚಳಿಗಾಲ ನೂರೈವತ್ತರಲ್ಲೇ ಕಳೆದೆ. ಸಣ್ಣ ಜಿಂಕೆಗಳು, ಒಂದಕ್ಕೆ ಒಂದೇ ಗುಂಡು. ಬಿದ್ದಲ್ಲಿಂದ ಯಾವುದೂ ಏಳಲಿಲ್ಲ. ಮಾಂಸ ರೈತರಿಗೆ ಹೋಗುತ್ತಿತ್ತು, ನಾನು ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರ ಕೈ ನಡುಗಲು ಶುರುವಾಯಿತು. ಅವರು ತಮ್ಮ ಬಂದೂಕನ್ನು ತಾವೇ ಪೊಲೀಸರಿಗೆ ಒಪ್ಪಿಸಿದರು. ಆಮೇಲೆ ದುರ್ಬೀನು ಅವರದು, ಬಂದೂಕು ನನ್ನದು.

ಒಂದು ಅಕ್ಟೋಬರಿನಲ್ಲಿ ಒಬ್ಬ ರೈತ ದೊಡ್ಡ ಗಂಡು ಜಿಂಕೆಯೊಂದನ್ನು ತೆಗೆಯಬೇಕು ಎಂದ. ನಮ್ಮ ಕಡವೆಯಂಥ ದೊಡ್ಡ ಕೆಂಪು ಜಿಂಕೆ ಅದು, ನಾನು ಅದುವರೆಗೆ ಹೊಡೆದವುಗಳ ಮೂರರಷ್ಟಿತ್ತು. ಅರಿವಳಿಕೆಯವರ ಬುದ್ಧಿ ಎಲ್ಲಿಗೆ ಹೋಗುತ್ತದೆ? ನಾವು ಎಲ್ಲವನ್ನೂ ಮೈತೂಕಕ್ಕೆ ತಕ್ಕಂತೆ ಕೊಡುವವರು. ಐವತ್ತು ಕಿಲೋದವರಿಗೆ ಇಷ್ಟು, ನೂರು ಕಿಲೋದವರಿಗೆ ಇಷ್ಟು. ದೊಡ್ಡ ಮೈ, ದೊಡ್ಡ ಡೋಸು. ನಾನು ನೂರ ಎಪ್ಪತ್ತರ ಪೆಟ್ಟಿಗೆ ತಂದೆ. ಮೇಷ್ಟ್ರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಜಾಗ ಸರಿಯಾದರೆ ನೂರೈವತ್ತೂ ಸಾಕು. ಇದನ್ನೇ ಬಳಸುತ್ತೇನೆ ಅಂದರೆ ಬಳಸು. ಆದರೆ ಮೊದಲು ಹಲಗೆಗೆ ಮೂರು ಹೊಡೆದು, ಬಂದೂಕು ಎಲ್ಲಿಗೆ ಹಾಕುತ್ತದೆ ನೋಡಿಕೋ," ಎಂದರು. ಹೂಂ ಎಂದೆ.

ಹೊಡೆದು ನೋಡಲಿಲ್ಲ. ಆ ವಾರ ಆಸ್ಪತ್ರೆಯ ಡ್ಯೂಟಿ ಪಟ್ಟಿ ಹಾಳಾಗಿತ್ತು, ಇಬ್ಬರು ರಜೆ ಹಾಕಿದ್ದರು, ಗುರಿ ಕಲಿಯುವ ಮೈದಾನ ಮುಕ್ಕಾಲು ಗಂಟೆಯ ದಾರಿ. ನಾನು ಪ್ರತಿದಿನ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಅರಿವಳಿಕೆ ಯಂತ್ರದ ಒಂದೊಂದು ಕೊಳವೆಯನ್ನೂ ಪರೀಕ್ಷಿಸಿ ಸಹಿ ಹಾಕುವವಳು. ನೋಡದೆ ಸಹಿ ಹಾಕಿದ ಒಬ್ಬ ಕಿರಿಯ ವೈದ್ಯನನ್ನು ಬೈದು ಅಳಿಸಿದ್ದೇನೆ. ಶನಿವಾರ ಬೆಳಿಗ್ಗೆ ಜೀಪಿನಲ್ಲಿ ಮೇಷ್ಟ್ರು ಕೇಳಿದರು, "ಮೂರು ಹೊಡೆದೆಯಾ, ಡಕ್?"

"ಹೊಡೆದೆ," ಎಂದೆ.

ಜರಿಗಿಡಗಳ ಇಳಿಜಾರಿನಲ್ಲಿ ಗಂಡು ಅಡ್ಡಡ್ಡಲಾಗಿ ನಿಂತಿತ್ತು. ನೂರ ಮೂವತ್ತು ಹೆಜ್ಜೆಯಾಚೆ ಗೂಳಿಯಂತೆ ಅರಚುತ್ತ, ಬಾಯಿಂದ ಆವಿ ಬಿಡುತ್ತ ಇತ್ತು. ಮುಂಗಾಲಿನ ಹಿಂದೆ, ಎದೆಗೂಡಿನ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿಯಿಟ್ಟು ಬಂದೂಕಿನ ಕುದುರೆ ಎಳೆದೆ. ಗುಂಡು ತಗುಲಿದ ಸದ್ದು ಕಟ್ಟಿಗೆ ಸೀಳಿದಂತೆ ಕೇಳಿತು. ಅದು ಎದೆಯ ಸದ್ದಲ್ಲ, ಮೂಳೆಯದು. ಗಂಡು ಮುಗ್ಗರಿಸಿ ಎದ್ದಿತು. ಒಂದು ಮುಂಗಾಲು ಮೊಣಕಾಲಿನ ಮೇಲಿಂದಲೇ ಮುರಿದು ಬರೀ ಚರ್ಮದಲ್ಲಿ ನೇತಾಡುತ್ತಿತ್ತು. ಮೂರು ಕಾಲಿನಲ್ಲಿ ಅದು ಓಡತೊಡಗಿತು. ನಾನು ಲಿವರು ಎಳೆದು ಇನ್ನೊಂದು ಹೊಡೆದೆ. ಓಡುವ ಪ್ರಾಣಿಗೆ ಹೊಡೆಯಬಾರದು ಎಂದು ಮೇಷ್ಟ್ರು ಕಲಿಸಿದ್ದರು. ಅದು ಹೊಟ್ಟೆಗೆ ಬಿತ್ತು. ಬೆನ್ನು ಬಿಲ್ಲಿನಂತೆ ಬಾಗಿದ್ದು ಕಾಣಿಸಿತು. ಆಮೇಲೆ ಗಿಡಗಳ ಸಂದಿಯಲ್ಲಿ ಮರೆಯಾಯಿತು.

ಮೇಷ್ಟ್ರು ಗಡಿಯಾರ ನೋಡಿಕೊಂಡರು. "ಕೂತುಕೋ," ಎಂದರು. ಹೊಟ್ಟೆಗೆ ಗುಂಡು ಬಿದ್ದದ್ದನ್ನು ಕೂಡಲೇ ಬೆನ್ನುಹತ್ತಿದರೆ ಮೈಲಿಗಟ್ಟಲೆ ಓಡುತ್ತದೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಕೂತೆವು. ಆ ಇಪ್ಪತ್ತು ನಿಮಿಷ ಅದರ ಒಳಗೆ ಏನೇನಾಗುತ್ತಿದೆ ಎಂದು ನನಗೆ ತಿಳಿದಿತ್ತು. ಕರುಳಿನ ಹೊಲಸು ರಕ್ತಕ್ಕೆ ಸೇರುತ್ತದೆ, ಎದೆ ಬಡಿತ ಏರುತ್ತದೆ, ಮುರಿದ ಮೂಳೆಯ ತುದಿ ಹೆಜ್ಜೆಹೆಜ್ಜೆಗೂ ಮಾಂಸವನ್ನು ಇರಿಯುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಬೇಡ ಅಂದರೂ ಬಂತು.

ಆಮೇಲೆ ರಕ್ತದ ಜಾಡು ಹಿಡಿದು ಹೊರಟೆವು. ಮೊದಲು ಕೆಂಪಗಿತ್ತು, ಮೂಳೆಯ ಚೂರು ಸೇರಿತ್ತು. ಮುಂದೆ ಹುಲ್ಲು ಅರೆದಂಥ ಹಸಿರು ಬೆರೆತು ನಾರುತ್ತಿತ್ತು. ಎರಡು ಕಡೆ ಅದು ಮಲಗಿ ಎದ್ದ ಗುರುತು, ಎರಡೂ ಕಡೆ ರಕ್ತದ ಮಡು. ಕೊನೆಗೆ ಕಲ್ಲುಗೋಡೆಯೊಂದರ ಬುಡದಲ್ಲಿ ಸಿಕ್ಕಿತು. ಗೋಡೆಯ ಮೇಲೆ ಮುಳ್ಳುತಂತಿ ಎಳೆದಿದ್ದರು. ದಾಟಲು ಹೋಗಿ ಕೊಂಬು ಸಿಕ್ಕಿಕೊಂಡಿತ್ತು. ನಮ್ಮನ್ನು ಕಂಡದ್ದೇ ತಲೆ ಕೊಡವತೊಡಗಿತು. ತಂತಿ ಕುತ್ತಿಗೆಗೆ ಕೊರೆಯಿತು, ಗೋಡೆಯ ಕಲ್ಲುಗಳು ಉರುಳಿದವು, ಹೊಟ್ಟೆಯ ತೂತಿನಿಂದ ಕರುಳು ಒಂದು ಗೇಣು ಹೊರಬಂದು ಮಣ್ಣಾಗಿತ್ತು. ಅದು ಈಗ ಅರಚುತ್ತಿರಲಿಲ್ಲ. ಗೊರಗುಟ್ಟುತ್ತಿತ್ತು, ಗಂಟಲಿಗೆ ನಳಿಕೆ ತಪ್ಪಿ ಇಟ್ಟಾಗ ರೋಗಿ ಗೊರಗುಟ್ಟುವ ಹಾಗೆ.

"ಹೊಡಿ," ಎಂದರು ಮೇಷ್ಟ್ರು. ಅವರ ಎರಡೂ ಕೈ ನಡುಗುತ್ತಿದ್ದವು. ಹೊಡೆಯಬೇಕಾದವಳು ನಾನೊಬ್ಬಳೇ.

ನಾಲ್ಕು ಹೆಜ್ಜೆಯ ದೂರಕ್ಕೆ ಹೋದೆ. ಕುದುರೆ ಎಳೆದೆ. ಏನೂ ಆಗಲಿಲ್ಲ. ಎರಡನೆಯ ಗುಂಡಾದ ಮೇಲೆ ಲಿವರು ಎಳೆದೇ ಇರಲಿಲ್ಲ. ಎಳೆಯೋಣ ಎಂದರೆ ಕೈ ಮರಗಟ್ಟಿತ್ತು. ಗಂಡಿನ ಕಣ್ಣು ಬಿಳಿಯಾಗಿ ನನ್ನ ಕಡೆಗೇ ತಿರುಗಿತ್ತು. ನನ್ನ ಬಾಯಿಂದ ಕನ್ನಡ ಹೊರಟಿತು. "ಆತಪ್ಪಾ, ಆತು, ಒಂದ ನಿಮಿಷ." ರೋಗಿಗಳಿಗೆ ಇಂಗ್ಲಿಷಿನಲ್ಲಿ ದಿನಾ ಹೇಳುವ ಮಾತು. ಎರಡೂ ಕೈ ಸೇರಿಸಿ ಲಿವರು ಎಳೆದೆ. ತಲೆ ಒಂದು ಕ್ಷಣ ನಿಂತಾಗ ಕಿವಿಯ ಹಿಂದೆ ಹೊಡೆದೆ. ರಕ್ತ ನನ್ನ ಮುಖಕ್ಕೆ, ಕೊರಳಿಗೆ ಸಿಡಿಯಿತು. ತಲೆ ತಂತಿಯಲ್ಲೇ ಜೋತುಬಿತ್ತು. ಹಿಂಗಾಲುಗಳು ಸ್ವಲ್ಪ ಹೊತ್ತು ಒದ್ದುಕೊಂಡು ಸುಮ್ಮನಾದವು.

ಮೇಷ್ಟ್ರು ಮತ್ತೆ ಗಡಿಯಾರ ನೋಡಿದರು. "ಐವತ್ತೆರಡು ನಿಮಿಷ," ಎಂದರು. ಬಾಗಿ ಮುಂಗಾಲಿನ ಗಾಯವನ್ನು ಮುಟ್ಟಿ ನೋಡಿದರು. ಎದೆಗೆ ಬೀಳಬೇಕಾದದ್ದು ಒಂದು ಹಿಡಿ ಕೆಳಗೆ ಬಿದ್ದಿತ್ತು.

"ಹಲಗೆಗೆ ಮೂರು ಹೊಡೆದಿರಲಿಲ್ಲ ಅಲ್ಲವೇ?"

"ಇಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಇಬ್ಬರೂ ಸೇರಿ ತಂತಿ ಬಿಡಿಸಿದೆವು.

ಮಾರನೆಯ ದಿನ ಒಬ್ಬಳೇ ಮೈದಾನಕ್ಕೆ ಹೋಗಿ ಹಲಗೆಗೆ ಮೂರು ಹೊಡೆದೆ. ಮೂರೂ ಒಂದೇ ಕಡೆ ಬಿದ್ದವು, ನಡುವಿನಿಂದ ನಾಲ್ಕು ಬೆರಳು ಕೆಳಗೆ. ಬಂದೂಕು ಸರಿಯಾಗಿಯೇ ಇತ್ತು, ಗುಂಡೂ ಸರಿಯಾಗಿಯೇ ಇತ್ತು, ಗುರಿ ಮಾತ್ರ ಇನ್ನೂ ಹಗುರದ ನೂರೈವತ್ತಕ್ಕೇ ಹೊಂದಿಸಿದ್ದಾಗಿತ್ತು. ಹತ್ತು ನಿಮಿಷದ ಕೆಲಸ. ಮನೆಗೆ ಬಂದು ಲಿಂಗಪೂಜೆಗೆ ಕೂತರೆ, ಕೊರಳಿನ ಬೆಳ್ಳಿ ಕರಡಿಗೆಯ ಸಂದಿಯಲ್ಲಿ ಒಣಗಿದ ರಕ್ತ ಕಂಡಿತು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದೆ. ಗಂಡ ಬಾಗಿಲಲ್ಲಿ ನಿಂತು, "ಏನಾತ?" ಎಂದರು. ಏನಿಲ್ಲ ಎಂದೆ. ಎರಡು ದಿನದಲ್ಲಿ ಎರಡನೆಯ ಸುಳ್ಳು ಅದು.

ಸಂಕ್ರಾಂತಿಗೆ ಗೆಳೆಯರೊಬ್ಬರ ಮನೆಯಲ್ಲಿ ಮಧ್ಯಾಹ್ನದ ಊಟ. ಹೊಸದಾಗಿ ಬೆಂಗಳೂರಿನಿಂದ ಬಂದ ಇಬ್ಬರು ಡಾಕ್ಟರುಗಳೂ ಇದ್ದರು. ಸಜ್ಜೆರೊಟ್ಟಿ, ಎಣ್ಣೆಗಾಯಿ ಬಡಿಸಿದ್ದರು. ಗಂಡ ಎಂದಿನಂತೆ ನನ್ನ ಕಡೆ ತಿರುಗಿ ನಕ್ಕರು. "ನಮ್ಮಾಕಿ ಒಂದ ಕಥೀ ಹೇಳ್ತಾಳ, ಕೇಳ್ರಿ. ಒಂದ ಜಿಂಕಿ ನಲವತ್ತ ನಿಮಿಷ ಒದ್ದಾಡಿದ್ದು."

ಎಲ್ಲರೂ ನನ್ನ ಮುಖ ನೋಡಿದರು. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟೆ.

"ನಲವತ್ತಲ್ಲ," ಎಂದೆ, "ಐವತ್ತೆರಡು."

"ಅಲ್ಲಾ, ಇಷ್ಟ ದಿನಾ ನಲವತ್ತ ಅಂತಿದ್ದೆಲ್ಲ?" ಎಂದು ಗಂಡ ನಗುತ್ತಲೇ ಕೇಳಿದರು.

"ಅದು ಆ ವ್ಯಾನಿನವಂದ್ರಿ. ಇದು ನಂದು."

ಅವರ ನಗು ನಿಂತಿತು. ನಾನು ಜೀಪಿನಲ್ಲಿ 'ಹೊಡೆದೆ' ಎಂದು ಹೇಳಿದ ಸುಳ್ಳಿನಿಂದ ಶುರುಮಾಡಿದೆ.