ಹೊರಸಿನ ಕೆಳಗಿನ ಕೆಂಡ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ ನಾನು ಭಾಲ್ಕಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆಯಾಗಿದ್ದೆ. ಮನೆ ಬೀದರಿನ ಮೈಲೂರಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ, ಆದರೆ ಸಿಟ್ಟು ಮಾತ್ರ ಕೆಲಸಕ್ಕೆ ಸೇರಿದ ದಿನ ಇದ್ದಷ್ಟೇ ಇತ್ತು. ಬೈಯುವ ಡಾಕ್ಟರಬಾಯಿ ಎಲ್ಲಿ ಕೂಡುತ್ತಾರೆ ಎಂದು ಯಾರಾದರೂ ಕೇಳಿದರೆ ಆಯಾಗಳು ನೇರ ನನ್ನ ಕೋಣೆಗೆ ಕಳಿಸುತ್ತಿದ್ದರು. ಆ ಹೆಸರಿನ ಬಗ್ಗೆ ನನಗೇನೂ ಬೇಸರವಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮೂವರು ಒಳಗೆ ಬಂದರು. ಬೀದರ್ ಬಳಿಯ ಕೊಳಾರದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ಮಿಲಿಂದ, ಅವನ ತಾಯಿ ಪ್ರಯಾಗಬಾಯಿ, ನಡುವೆ ಅವನ ಹೆಂಡತಿ ಸುನಂದಾ. ಅವಳ ಒಂದೊಂದು ರಟ್ಟೆಯನ್ನು ಒಬ್ಬೊಬ್ಬರು ಹಿಡಿದಿದ್ದರು. ಸುನಂದಾಳಿಗೆ ಮೂವತ್ನಾಲ್ಕು ವರ್ಷ. ಭಾಲ್ಕಿಯಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ಹೊರಗೆ ತಲೆ ಸಿಡಿಯುವ ಬಿಸಿಲು. ಅವಳ ತಲೆಗೆ ಮಾತ್ರ ಉಣ್ಣೆಯ ಮಫ್ಲರ್ ಸುತ್ತಿದ್ದರು, ಕಿವಿಗೆ ಅರಳೆ ತುರುಕಿದ್ದರು. ಎಡಗಾಲಿನ ಮೀನಖಂಡದ ಮೇಲೆ ಸುಟ್ಟ ಗಾಯದ ಪಟ್ಟಿ ಇತ್ತು.

"ಮೇಡಂರಿ, ಒಂದು ಚೀಟಿ ಬರಕೊಡ್ರಿ. ಈಕಿಗಿ ಧಾರವಾಡಕ್ಕ ಒಯ್ಯಬೇಕಾಗ್ಯದ" ಎಂದ ಮಿಲಿಂದ.

ನಮ್ಮ ಕಡೆ ಧಾರವಾಡಕ್ಕೆ ಒಯ್ಯುವುದೆಂದರೆ ಮಾನಸಿಕ ಆಸ್ಪತ್ರೆಗೆ ಸೇರಿಸುವುದು. ಯಾಕೆ ಎಂದು ಕೇಳಿದೆ. ಅವನು ನೆಲ ನೋಡುತ್ತ ಹೇಳಿದ, "ಮಗೀಗಿ ಸುಡಾಕ ಹೋಗ್ಯಾಳ್ರಿ. ಹೆತ್ತ ಮಗಳಿಗಿ."

ಸುನಂದಾ ಒಂದೇ ಮಾತು ಆಡಿದಳು. "ಸುಳ್ಳ."

ತಾಯಿ, ಮಗ ಇಬ್ಬರನ್ನೂ ಹೊರಗೆ ಕೂಡಿಸಿ ಬಾಗಿಲು ಹಾಕಿದೆ. ಮೊದಲು ಆ ಮಫ್ಲರ್ ಬಿಚ್ಚಿಸಿದೆ. ಕೂದಲೆಲ್ಲ ಬೆವರಿನಿಂದ ನೆತ್ತಿಗೆ ಅಂಟಿಕೊಂಡಿತ್ತು. ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಟ್ಟ ಮೇಲೆ ಅವಳು ನಿಧಾನಕ್ಕೆ ಮಾತಾಡಿದಳು.

ಒಂದು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ ಆಗುತ್ತಿತ್ತಂತೆ. ಯಾರೋ ಹೇಳಿದರೆಂದು ಗಡಿಯಾಚೆಯ ಊರೊಂದರ ನರ್ಸಿಂಗ್ ಹೋಮಿಗೆ ಹೋದರು. ಗರ್ಭಕೋಶದಲ್ಲಿ ಗಡ್ಡೆ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಅಲ್ಲಿ ಹೆದರಿಸಿದರು. ಜನವರಿಯಲ್ಲಿ ಹಿಸ್ಟರೆಕ್ಟಮಿ, ಅಂದರೆ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ನಮ್ಮ ಜನ ಅದಕ್ಕೆ ಚೀಲ ತೆಗೆಸಿದ್ದು ಅನ್ನುತ್ತಾರೆ. ಮನೆಗೆ ಬಂದ ದಿನದಿಂದ ಪ್ರಯಾಗಬಾಯಿ ಸೊಸೆಗೆ ಬಾಣಂತನ ಶುರು ಮಾಡಿದರು. ಅವಳು ಮಲಗುವ ಹೊರಸಿನ ಕೆಳಗೆ ಶೇಗಡಿ ತುಂಬ ಕೆಂಡ, ಮೈಮೇಲೆ ಕೌದಿ, ಅಜವಾನದ ಹೊಗೆ, ಬೆಳ್ಳುಳ್ಳಿ, ಶುಂಠಿ, ಕುದಿಯುವ ನೀರಿನ ಎರೆತ. ಕಿಟಕಿ ತೆರೆಯುವ ಹಾಗಿಲ್ಲ. ಹೆರಿಗೆಯಾದವಳಿಗೆ ಇಷ್ಟು ಬೇಕಾದರೆ ಚೀಲವೇ ಹೋದವಳಿಗೆ ಎಷ್ಟು ಬೇಕು ಎಂಬುದು ಅವರ ಲೆಕ್ಕ.

"ಹೊಲಿಗಿ ಮಾಯ್ತರಿ. ಆದ್ರ ಎದಿ ಒಳಗಿಂದ ಉರಿ ಎದ್ದು ನೆತ್ತಿಗಿ ಏರ್ತದ. ಮೈಯೆಲ್ಲಾ ನೀರು. ಎದಿ ಡವಡವ. ಆಮ್ಯಾಲ ಗಡಗಡ ನಡುಗ್ತೇನಿ. ನಾ ನಡುಗೋದು ನೋಡಿ ಅತ್ತಿ ಇನ್ನಷ್ಟು ಕೆಂಡ ಹಾಕ್ತಾರ್ರಿ."

ಇದನ್ನು ಕೇಳಿದಾಗ ನನಗೆ ಅರ್ಧ ಗೊತ್ತಾಗಿಹೋಯಿತು. ಉರಿ ಏರಿ, ಬೆವರು ಸುರಿದು, ಆ ಬೆವರು ಆರುವಾಗ ಮೈ ನಡುಗುವುದು ಹಾಟ್ ಫ್ಲಶ್ ಎಂಬ ತೊಂದರೆಯ ಲಕ್ಷಣ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಅದು ಬರುತ್ತದೆ. ಸೊಸೆಯ ಉರಿ ಅತ್ತೆಗೆ ಕಾಣುತ್ತಿರಲಿಲ್ಲ, ನಡುಕ ಮಾತ್ರ ಕಾಣುತ್ತಿತ್ತು. ನಡುಕ ಕಂಡಾಗಲೆಲ್ಲ ಕೆಂಡ ಹೆಚ್ಚುತ್ತಿತ್ತು.

ಬೆಂಕಿಯ ಸಂಗತಿಯನ್ನೂ ಹೇಳಿದಳು. ಹಿಂದಿನ ವಾರ ಮಧ್ಯಾಹ್ನ ಮೂರನೇ ತರಗತಿಯ ಮಗಳು ಪ್ರಜ್ಞಾ ತಾಯಿಯ ಮಗ್ಗುಲಲ್ಲೇ ಮಲಗಿದ್ದಳು. ಉರಿ ಏರಿದಾಗ ಸುನಂದಾ ತಡೆಯಲಾರದೆ ಕೌದಿಯನ್ನು ಒದ್ದಳು. ಅದರ ಅಂಚು ಶೇಗಡಿಗೆ ಬಿದ್ದು ಹೊತ್ತಿಕೊಂಡಿತು. ಮಗುವನ್ನು ಎಳೆದುಕೊಳ್ಳುವಷ್ಟರಲ್ಲಿ ಅದರ ಮುಂಗೈ ಸುಟ್ಟಿತು, ಇವಳ ಕಾಲು ಸುಟ್ಟಿತು. ಕೂಗು ಕೇಳಿ ಓಡಿ ಬಂದ ಓಣಿಯವರಿಗೆ ಕಂಡದ್ದು ಉರಿಯುವ ಕೌದಿ ಹಿಡಿದು ಕಿರುಚುತ್ತಿದ್ದ ಹೆಂಗಸು, ಮೂಲೆಯಲ್ಲಿ ಅಳುತ್ತಿದ್ದ ಮಗು. ಮೂರು ತಿಂಗಳಿಂದ ನಿದ್ದೆಯಿಲ್ಲದೆ ಎಲ್ಲರ ಮೇಲೆ ಹರಿಹಾಯುತ್ತಿದ್ದವಳ ಮಾತನ್ನು ಯಾರು ನಂಬುತ್ತಾರೆ? ಅದೇ ಸಂಜೆ ಮಗುವನ್ನು ಔರಾದಿಗೆ, ಪ್ರಯಾಗಬಾಯಿಯ ತಂಗಿಯ ಮನೆಗೆ ಸಾಗಿಸಿದರು.

"ನನಗ ಎಲ್ಲಿಗರೆ ಕಳಿಸ್ರಿ ಡಾಕ್ಟರಬಾಯಿ. ಆದ್ರ ನಾ ಸುಡಾಕ ಹೋಗಿದ್ದಿಲ್ಲ ಅಂತ ನನ್ನ ಮಗಳಿಗಿ ಯಾರರೆ ಹೇಳ್ರಿ."

ಒಳಪರೀಕ್ಷೆ ಮಾಡಿದೆ. ಒಳಗಿನ ಚರ್ಮ ಅರವತ್ತರ ಹೆಂಗಸಿನದರಂತೆ ಒಣಗಿತ್ತು. ಸೋನೋಗ್ರಫಿ ಮಾಡಿಸಿದೆ. ಗರ್ಭಕೋಶ ಇರಲಿಲ್ಲ, ಅದು ಗೊತ್ತಿದ್ದದ್ದೇ. ಅಂಡಾಶಯಗಳೂ ಇರಲಿಲ್ಲ. ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಹಚ್ಚಿದೆ. ಅವರು ಮರಾಠಿಯಲ್ಲಿ, ಬಹಳ ಸಮಾಧಾನದಿಂದ ಹೇಳಿದ್ದು ಇಷ್ಟು. ಹೇಗೂ ಹೊಟ್ಟೆ ತೆರೆದಿದ್ದೆವು, ಅವನ್ನೂ ತೆಗೆದೆವು, ಮುಂದೆ ತಲೆನೋವು ಬೇಡ ಅಂತ. ಅಂಡಾಶಯದಲ್ಲಿ ರೋಗವೇನಾದರೂ ಇತ್ತೇ ಎಂದು ಕೇಳಿದೆ. ಇರಲಿಲ್ಲ ಎಂದರು. ಯಾರ ತಲೆನೋವು ಎಂದು ಕೇಳಿ, ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದು ಫೋನ್ ಇಟ್ಟೆ. ಆ ಮಾತುಗಳು ಇಲ್ಲಿ ಬರೆಯುವಂಥವಲ್ಲ.

ಓದುಗರಿಗಾಗಿ ಒಂದು ವಿವರಣೆ. ಗರ್ಭಕೋಶ ಒಂದೇ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯಗಳು ಸಾಮಾನ್ಯವಾಗಿ ಈಸ್ಟ್ರೋಜನ್ ಹಾರ್ಮೋನು ಕೊಡುತ್ತಲೇ ಇರುತ್ತವೆ. ಎರಡೂ ಅಂಡಾಶಯ ತೆಗೆದರೆ ಅದು ಒಮ್ಮೆಗೇ ಬತ್ತುತ್ತದೆ. ವರ್ಷಗಟ್ಟಲೆ ಮೆಲ್ಲಗೆ ಬರಬೇಕಾದ ಮೆನೋಪಾಸ್ ದಿನ, ವಾರಗಳಲ್ಲೇ ಬಂದು ಎರಗುತ್ತದೆ. ಇದಕ್ಕೆ ಸರ್ಜಿಕಲ್ ಮೆನೋಪಾಸ್ ಎನ್ನುತ್ತೇವೆ. ಉರಿ, ನಿದ್ದೆಗೇಡು, ಎದೆಬಡಿತ, ಕಾರಣವಿಲ್ಲದ ಅಳು, ಸಿಟ್ಟು ಎಲ್ಲ ಒಟ್ಟಿಗೆ ಬರುತ್ತವೆ. ಚಿಕ್ಕ ವಯಸ್ಸಿನವರಿಗೆ ಮುಂದೆ ಎಲುಬು ಸವೆಯುವ, ಹೃದಯರೋಗ ಬರುವ ಭಯವೂ ಇದೆ. ಔಷಧವಿದೆ, ಆದರೆ ಹೀಗಾಗಿದೆ ಎಂದು ಮೊದಲು ಯಾರಾದರೂ ಹೇಳಬೇಕು.

ನಾನು ಹೇಳಿದೆ. ಸುನಂದಾ ಬಿಚ್ಚಿದ ಮಫ್ಲರನ್ನು ಮಡಚಿ ಮೇಜಿನ ಮೇಲಿಟ್ಟಳು.

"ನನಗ ಕೇಳಿದ್ರ ನಾ ಹ್ಞೂಂ ಅಂತಿದ್ನೋ ಏನೋ" ಎಂದಳು. "ಕೇಳಲೇ ಇಲ್ಲಲ್ರಿ."

ಆಮೇಲೆ ಉಳಿದಿಬ್ಬರನ್ನು ಒಳಗೆ ಕರೆದೆ. ಮಿಲಿಂದನಿಗೆ ಧಾರವಾಡದ ಚೀಟಿ ಸಿಗುವುದಿಲ್ಲ, ಮಗುವನ್ನು ವಾಪಸ್ ಕರೆದುಕೊಂಡು ಬಾ ಎಂದೆ. ಹೆಂಡತಿಯ ಮಾತಿಗಿಂತ ಓಣಿಯವರ ಮಾತು ನಿನಗೆ ದೊಡ್ಡದಾಯಿತೇ ಎಂದು ಚೆನ್ನಾಗಿ ಝಾಡಿಸಿದೆ. ಅವನು ತಲೆ ತಗ್ಗಿಸಿ ಕೇಳಿದ. ಪ್ರಯಾಗಬಾಯಿ ಮಾತ್ರ ಜಗ್ಗಲಿಲ್ಲ.

"ನೀವು ಶೇಗಡಿ ತೆಗಿ ಅಂತೀರಿ. ಗಾಳಿ ಹೊಕ್ಕರ ಯಾರು ಜವಾಬ್ದಾರಿ? ನನ್ನ ಮಗಳು ಹಂಗೇ ಹೋದಳ್ರಿ. ಬಾಣಂತನಕ್ಕ ಬಂದಾಕಿ. ಮಳಿಗಾಲ, ಸೌದಿ ಹಸಿ, ಕೆಂಡ ಆರಿ ಹೋಗಿತ್ತು. ನಡುಗಿ ನಡುಗಿ ಸತ್ತಳು. ಈಕಿನೂ ಹಂಗೇ ನಡುಗ್ತಾಳ."

ಮಿಲಿಂದ ಕೂಡ ಅಕ್ಕನ ಸಾವಿನ ಬಗ್ಗೆ ಇಷ್ಟು ಕೇಳಿರಲಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ಸತ್ತ ಮಗಳ ಬಗ್ಗೆ ನಾನು ಮೂರು ಪ್ರಶ್ನೆ ಕೇಳಿದೆ. ಜ್ವರ ಇತ್ತು. ಸ್ರಾವಕ್ಕೆ ವಾಸನೆ ಇತ್ತು. ಹೆರಿಗೆ ಮನೆಯಲ್ಲೇ ಆಗಿತ್ತು.

"ಅದು ಗಾಳಿ ಅಲ್ಲವ್ವ, ನಂಜು" ಎಂದೆ.

"ಕೆಂಡ ಆರಿರದಿದ್ರ ಉಳೀತಿದ್ಳೇನ್ರಿ?"

"ಇಲ್ಲ. ಕೆಂಡಕ್ಕ ಉಳೀತಿದ್ದಿಲ್ಲ."

"ಮತ್ತ ಯಾತಕ್ಕ ಉಳೀತಿದ್ಳು?"

"ದವಾಖಾನಿಗಿ ಬಂದಿದ್ರ ಉಳೀಬಹುದಿತ್ತು."

ಸತ್ಯ ಕೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುವವರು ಆ ಮುದುಕಿಯ ಮುಖ ನೋಡಬೇಕಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಆಗ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತವಳು ಸುನಂದಾ. ಮೈ ಮುಟ್ಟಲಿಲ್ಲ.

ಸ್ತನ, ರಕ್ತದೊತ್ತಡ ಎಲ್ಲ ಪರೀಕ್ಷಿಸಿ ಈಸ್ಟ್ರೋಜನ್ ಮಾತ್ರೆ ಶುರು ಮಾಡಿದೆ. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಆಗಾಗ ತಪಾಸಣೆಗೆ ಬರುತ್ತ ಅದನ್ನು ತೆಗೆದುಕೊಳ್ಳಬೇಕು. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ದಿನಾ ನಡಿಗೆ, ತೆಳು ಸೀರೆ, ತೆರೆದ ಕಿಟಕಿ. ಮಳೆಗಾಲದ ಹೊತ್ತಿಗೆ ಉರಿ ಬಹಳ ಮಟ್ಟಿಗೆ ಇಳಿಯಿತು, ನಿದ್ದೆ ಬಂತು, ಅವಳು ಶಾಲೆಗೂ ಹೋಗತೊಡಗಿದಳು. ಶೇಗಡಿಯನ್ನು ಪ್ರಯಾಗಬಾಯಿ ತಾವೇ ಹೊತ್ತು ಹೊರಗೆ ಹಾಕಿದರಂತೆ. ನನ್ನ ಕಡತದ ಪ್ರಕಾರ ಇದು ಗುಣವಾದ ಕೇಸು.

ನಿವೃತ್ತಿಗೆ ಸ್ವಲ್ಪ ಮೊದಲು ಭಾಲ್ಕಿ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಅತ್ತೆ, ಸೊಸೆ, ನಡುವೆ ಪ್ರಜ್ಞಾ. ಮಗುವಿನ ಮುಂಗೈ ಮೇಲೆ ಕಲೆ ಹೊಳೆಯುತ್ತಿತ್ತು. ಮಾತಾಡುತ್ತಿದ್ದಾಗ ಸುನಂದಾಳ ಕುತ್ತಿಗೆ ಕೆಂಪೇರಿತು, ಹಣೆಯಲ್ಲಿ ಬೆವರೊಡೆಯಿತು. ಮಾತ್ರೆ ತಗೊಂಡರೂ ಒಮ್ಮೊಮ್ಮೆ ಹಾಗಾಗುತ್ತದೆ. ಹುಡುಗಿ ತಾಯಿಯ ಮುಖ ನೋಡಿದಳು. ಸದ್ದಿಲ್ಲದೆ ಸರಿದು ಅಜ್ಜಿಯ ಹಿಂದೆ ನಿಂತಳು.

"ಎಲ್ಲಾ ಹೇಳೀನ್ರಿ ಆಕಿಗಿ" ಎಂದಳು ಸುನಂದಾ. "ತಿಳೀತು ಅಂತಾಳ. ಖರೇನೂ ತಿಳದದ. ಆದ್ರೂ ನನ್ನ ಮಾರಿ ಕೆಂಪಾದ್ರ ಸಾಕು, ಹಿಂಗ ಸರೀತಾಳ. ರಾತ್ರಿ ಅಜ್ಜಿ ಮಗ್ಗಲಿಗೇ ಮಲಗ್ತಾಳ."

ಅದಕ್ಕೆ ನನ್ನ ಬಳಿ ಮಾತ್ರೆ ಇರಲಿಲ್ಲ. ಔರಾದಿನ ಬಸ್ಸು ಬಂತು. ಹುಡುಗಿ ಅಜ್ಜಿಯ ಕೈ ಹಿಡಿದು ಹತ್ತಿದಳು, ಸುನಂದಾ ಅವರ ಹಿಂದೆ ಹತ್ತಿದಳು.

ಈಗ ನಾನು ಮನೆಯಲ್ಲಿದ್ದೇನೆ. ಚೀಲ ತೆಗೆಸಬೇಕು ಅಂದಾರ, ಏನು ಮಾಡೋದು ಎಂದು ಕೇಳಿಕೊಂಡು ಇವತ್ತಿಗೂ ಜನ ಮೈಲೂರಿಗೆ ಬರುತ್ತಾರೆ. ಅಂಡಾಶಯ ಉಳಿಸುತ್ತೀರೋ ತೆಗೆಯುತ್ತೀರೋ, ತೆಗೆದರೆ ಯಾಕೆ ಎಂದು ಕೊಯ್ಯುವವರನ್ನು ಬಾಯಿಬಿಟ್ಟು ಕೇಳು ಎಂದು ಆಪರೇಷನ್ ಆಗಬೇಕಾದ ಹೆಂಗಸಿಗೆ ಹೇಳುತ್ತೇನೆ. ಮನೆಯಲ್ಲಿ ಆರೈಕೆ ಮಾಡುವವರು ಯಾರೋ ಅವರನ್ನು ಕರೆಸಿ, ಇದು ಬಾಣಂತನವಲ್ಲ, ನಡುಕ ಕಂಡರೆ ಕೆಂಡ ಹಾಕಬೇಡಿ, ಮೊದಲು ಆಕೆಗೆ ಏನಾಗುತ್ತಿದೆ ಎಂದು ಆಕೆಯನ್ನೇ ಕೇಳಿ ಎನ್ನುತ್ತೇನೆ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಆ ಕೇಳುವುದನ್ನೇ. ಮೆತ್ತಗೆ ಹೇಳಿದರೆ ಜನ ಮರೆಯುತ್ತಾರೆ, ಅದಕ್ಕೇ ಬೈದೇ ಹೇಳುತ್ತೇನೆ.